ಠಾಣೆಯ ಪುಸ್ತಕಕ್ಕೆ ಬಾರದ ಕಳವು

ಮೂರು ವರ್ಷದ ಹಿಂದೆ, ಅಡಿಕೆ ಕೊನೆ (ಗೊನೆ) ಕೊಯ್ಲಿನ ಹೊತ್ತು. ಹೊಸನಗರ ತಾಲ್ಲೂಕಿನ ನನ್ನ ಚಿಕ್ಕಪ್ಪನ ಮನೆಯಲ್ಲಿ ಚಪ್ಪರದ ಮೇಲೆ ಹರವಿದ್ದ ಬೇಯಿಸಿದ ಅಡಿಕೆ ರಾತ್ರಿ ಬೆಳಗಾಗುವುದರೊಳಗೆ ಎರಡು ಚೀಲದಷ್ಟು ಹೋಯಿತು. ಚಿಕ್ಕಪ್ಪ ಠಾಣೆಗೆ ಹೋಗಿ ಬರೆದುಕೊಟ್ಟರು. ಅದನ್ನು 'ಅರ್ಜಿ' ಎಂದು ತೆಗೆದುಕೊಂಡರು. ತಿಂಗಳಾದ ಮೇಲೆ, ಸುಳಿವು ಸಿಕ್ಕರೆ ಕ್ರಮ ಕೈಗೊಳ್ಳುತ್ತೇವೆ ಎಂಬ ಹಿಂಬರಹ ಬಂತು. ಎಫ್‌ಐಆರ್ ಆಗಲಿಲ್ಲ. ಮರುವರ್ಷ ಪೇಪರಿನಲ್ಲಿ ಕಳವಿನ ಅಂಕಿಅಂಶ ನೋಡಿ ಅವರು ನನ್ನನ್ನು ಕೇಳಿದ್ದು ಒಂದೇ ಮಾತು: "ನಮ್ಮನೆ ಅಡಿಕೆ ಈ ಲೆಕ್ಕದಲ್ಲಿ ಇದ್ಯನೋ ಮಾರಾಯ?"

ಇಲ್ಲ. ಯಾಕಿಲ್ಲ ಎಂದು ಹೇಳಬೇಕಾದರೆ ಈ ಲೆಕ್ಕ ಹುಟ್ಟುವ ಜಾಗಕ್ಕೇ ಹೋಗಬೇಕು.

ಅಪರಾಧದ ಅಂಕಿ ಹುಟ್ಟುವುದು ಠಾಣೆಯ ರೈಟರ್ ಮೇಜಿನ ಮೇಲೆ. ಪ್ರಥಮ ವರ್ತಮಾನ ವರದಿ, ಅಂದರೆ ಎಫ್‌ಐಆರ್, ಆದರೆ ಅದಕ್ಕೊಂದು ಕ್ರೈಂ ನಂಬರ್ ಬೀಳುತ್ತದೆ. ಪ್ರತಿ ಠಾಣೆಯಲ್ಲೂ ಜನವರಿ ಬಂದರೆ ಈ ನಂಬರ್ ಒಂದರಿಂದ ಮತ್ತೆ ಶುರು. ಆ ನಂಬರುಗಳನ್ನು ಜಿಲ್ಲೆಯ ಅಪರಾಧ ದಾಖಲೆ ಘಟಕ ಕೂಡಿಸುತ್ತದೆ, ಅಲ್ಲಿಂದ ಬೆಂಗಳೂರಿನ ರಾಜ್ಯ ಬ್ಯೂರೋ, ಅಲ್ಲಿಂದ ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ, ಅಂದರೆ ಎನ್‌ಸಿಆರ್‌ಬಿ. ಮೇಲಿನವರು ಕೂಡುತ್ತಾರೆ, ತಾಳೆ ನೋಡುತ್ತಾರೆ. ಕೆಳಗೆ ಬರೆಯದೇ ಬಿಟ್ಟಿದ್ದನ್ನು ಸೇರಿಸಲು ಅವರಿಗೆ ದಾರಿಯಿಲ್ಲ.

ಠಾಣೆಯಲ್ಲಿ ದೂರು ಬರೆದಿಡಬೇಕೆಂಬ ಪದ್ಧತಿ ಬ್ರಿಟಿಷ್ ಭಾರತದಲ್ಲಿ ಗಟ್ಟಿಯಾದದ್ದು 1861ರಲ್ಲಿ, ಪೊಲೀಸ್ ಕಾಯ್ದೆ ಮತ್ತು ದಂಡ ಪ್ರಕ್ರಿಯಾ ಸಂಹಿತೆ ಬಂದ ವರ್ಷ. ನಮ್ಮ ಸೀಮೆ ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ ಮೈಸೂರಿಗೆ ಸೇರಿತ್ತು. ಊರ ಕಾವಲು ತಳವಾರ, ತೋಟಿಯರ ಹೆಗಲ ಮೇಲಿತ್ತು, ಹಳೆಯ ಮೈಸೂರಿನ ಕಂದಾಚಾರ ಪಡೆಯ ಪೇದೆಗಳೂ ಇದ್ದರು. ಮೈಸೂರಿನ ವಾರ್ಷಿಕ ಆಡಳಿತ ವರದಿಗಳಲ್ಲಿ ಮಳೆ, ಕಂದಾಯದ ಕೋಷ್ಟಕಗಳ ಜೊತೆ ಪೊಲೀಸ್ ಕೋಷ್ಟಕವೂ ಬರತೊಡಗಿತು. ಆಳುವವರಿಗೆ ಅದು ಆಡಳಿತದ ಆರೋಗ್ಯ ನೋಡುವ ನಾಡಿ. ಇಡೀ ದೇಶಕ್ಕೆ ಒಂದೇ ವರದಿ ಶುರುವಾದದ್ದು 1953ರ ಅಂಕಿಗಳಿಂದ. ಎನ್‌ಸಿಆರ್‌ಬಿ ಹುಟ್ಟಿದ್ದು 1986ರಲ್ಲಿ.

ಅಂಕಿ ಕಡಿಮೆಯಾದರೆ ಅಧಿಕಾರಿ ಒಳ್ಳೆಯವನು ಎಂಬ ಅಳತೆ ಬಂದದ್ದರಿಂದಲೇ ಕಾಯಿಲೆ ಹತ್ತಿತು ಎಂದು ನನ್ನ ನಂಬಿಕೆ. ಕೇಸು ಬರೆದರೆ ತನಿಖೆ ಮಾಡಬೇಕು, ಕಳ್ಳ ಸಿಗದಿದ್ದರೆ 'ಸಿ ರಿಪೋರ್ಟ್' ಹಾಕಿ ಮುಗಿಸಬೇಕು, ತಿಂಗಳ ಸಭೆಯಲ್ಲಿ ಮೇಲಧಿಕಾರಿಗೆ ಉತ್ತರ ಹೇಳಬೇಕು. ಅರ್ಜಿ ಎಂದು ತೆಗೆದುಕೊಂಡರೆ ಹಿಂಬರಹದಲ್ಲಿ ಮುಗಿಯುತ್ತದೆ. 1977ರಲ್ಲಿ ನೇಮಕವಾದ ರಾಷ್ಟ್ರೀಯ ಪೊಲೀಸ್ ಆಯೋಗ ಈ ಕೇಸು ದಾಖಲಿಸದಿರುವ ಚಾಳಿಯನ್ನು ಬಿಡಿಸಿ ಬರೆದಿತ್ತು. ಆದರೂ ಮೂರು ದಶಕ ಕಳೆದು, 2013ರ ನವೆಂಬರ್ 12ರಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಬೇಕಾಯಿತು: ದೂರಿನಲ್ಲಿ ಸಂಜ್ಞೇಯ ಅಪರಾಧ (ಕೋರ್ಟಿನ ಅನುಮತಿಯಿಲ್ಲದೆ ಪೊಲೀಸರೇ ತನಿಖೆ ಮಾಡಬಹುದಾದದ್ದು) ಕಂಡರೆ ಎಫ್‌ಐಆರ್ ಕಡ್ಡಾಯ. ಚಿಕ್ಕಪ್ಪ ದೂರು ಕೊಟ್ಟದ್ದು ಈ ತೀರ್ಪು ಬಂದು ಎಷ್ಟೋ ವರ್ಷದ ಮೇಲೆ.

ಬರೆದರೂ ಎಣಿಕೆಗೆ ಅದರದೇ ರೀತಿಯಿದೆ. ಒಂದೇ ಎಫ್‌ಐಆರ್‌ನಲ್ಲಿ ಕೊಲೆ, ಕಳವು, ಹಲ್ಲೆ ಮೂರೂ ಇದ್ದರೆ ಲೆಕ್ಕಕ್ಕೆ ಸಿಗುವುದು ಕೊಲೆ ಮಾತ್ರ. ಕಾಣೆಯಾದ ಮಕ್ಕಳ ವಿಷಯದಲ್ಲಿ ಅಪಹರಣವೆಂದೇ ಭಾವಿಸಿ ಕೇಸು ಬರೆಯಬೇಕೆಂದು 2013ರಲ್ಲಿ ಕೋರ್ಟ್ ಹೇಳಿದ ಮೇಲೆ ಮನೆ ಬಿಟ್ಟು ಹೋದ ಹುಡುಗನೂ ಅಪಹರಣದ ಸಾಲಿಗೆ ಬಂದ. ಆ ಅಂಕಿ ಏರಿದ್ದು ನೋಡಿ ಹೆದರುವ ಮೊದಲು ಇದು ಗೊತ್ತಿರಬೇಕು. ಕೇರಳದ ಅಪರಾಧ ದರ ದೇಶದಲ್ಲೇ ಮೇಲಿನ ಸಾಲಿನಲ್ಲಿರುವುದೂ ಹೀಗೆಯೇ. ಅಲ್ಲಿ ಜನ ಠಾಣೆಗೆ ಹೋಗುತ್ತಾರೆ, ಠಾಣೆಯವರು ಬರೆಯುತ್ತಾರೆ. ಇನ್ನು ಲಕ್ಷ ಜನಕ್ಕೆ ಇಷ್ಟು ಎಂದು ದರ ತೆಗೆಯಲು ಬೇಕಾದ ಜನಸಂಖ್ಯೆ? ಶಿವಮೊಗ್ಗ ಜಿಲ್ಲೆಯಲ್ಲಿ 2011ರಲ್ಲಿ ಎಣಿಸಿದ್ದು 17,52,753. ಆಮೇಲೆ ಎಲ್ಲ ಕಡೆ ಅಂದಾಜಿನ ಮೇಲೇ ಭಾಗಾಕಾರ.

ಮಲೆನಾಡಿಗೆ ಬಂದರೆ ಇನ್ನೊಂದು ತೊಡಕಿದೆ. ಇಲ್ಲಿನ ದೊಡ್ಡ ಕಳವುಗಳಲ್ಲಿ ಎಷ್ಟೋ ಕಾಡಿನವು: ಗಂಧ, ಬೀಟೆ, ಸಾಗುವಾನಿ, ಬೇಟೆ. ವಲಯ ಅರಣ್ಯಾಧಿಕಾರಿ ಹಿಡಿದ ಮಾಲು ಅರಣ್ಯ ಇಲಾಖೆಯವರು ಕಾಡಿನ ಅಪರಾಧ ಬರೆದಿಡುವ ಎಫ್‌ಒಸಿ ಪುಸ್ತಕಕ್ಕೆ ಹೋಗುತ್ತದೆ, ಠಾಣೆಯ ಕ್ರೈಂ ನಂಬರ್ ಅದಕ್ಕೆ ಬೀಳುವುದಿಲ್ಲ. ಕಳ್ಳಭಟ್ಟಿ ಅಬಕಾರಿಯವರ ಕೈಗೆ ಸಿಕ್ಕರೆ ಅವರದೇ ಪುಸ್ತಕ. ಶಿವಮೊಗ್ಗದ ಅಪರಾಧ ಎಷ್ಟು ಎಂದು ಪೊಲೀಸರನ್ನು ಮಾತ್ರ ಕೇಳಿದರೆ ಕಾಡಿನ ಪಾಲು ಹೊರಗೇ ಉಳಿಯುತ್ತದೆ.

ದೂರವೂ ಲೆಕ್ಕವನ್ನು ತಿನ್ನುತ್ತದೆ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರು ಸಾಗರಕ್ಕೆ ಬರಲು ದಶಕಗಟ್ಟಲೆ ಲಾಂಚ್ ಕಾದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಲಾಂಚ್ ಹತ್ತಿ ಪೇಟೆಗೆ ಬಂದು ನಾಲ್ಕು ಕೊನೆ ಅಡಿಕೆಗೆ ಯಾರು ಕೇಸು ಕೊಡುತ್ತಾರೆ? ಅದಕ್ಕೇ ನಮ್ಮ ತೋಟಗಳ ಬೇಲಿಯಲ್ಲಿ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂಬ ಬೋರ್ಡುಗಳು. ಕಳುವಾದರೆ ಅಮ್ಮನಿಗೆ ಹೇಳಿಕೊಳ್ಳುವುದು, ಊರ ಹಿರಿಯರೆದುರು ಪಂಚಾಯ್ತಿಕೆ ಮಾಡಿಸುವುದು. ಆ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಅಲ್ಲಿ ಇತ್ಯರ್ಥವಾದದ್ದು ಯಾವ ಕೋಷ್ಟಕಕ್ಕೂ ಬರುವುದಿಲ್ಲ. ಮುಂದೆ ಆ ಭಾಗದ ಪ್ರಕರಣ ಹೆಚ್ಚಿತೆಂದು ಸುದ್ದಿಯಾದರೆ, ಹೆಚ್ಚಿದ್ದು ಕಳ್ಳತನವೋ ದಾರಿಯೋ ಎಂದು ಮೊದಲು ಕೇಳಬೇಕು.

ಮನೆಯೊಳಗಿನ ಹೊಡೆತದ್ದು ಇದಕ್ಕಿಂತ ನೋವಿನ ಕಥೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಹೆಂಗಸರನ್ನು ಮನೆಗೇ ಹೋಗಿ ಕೇಳಿದರು. ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವಯಸ್ಸಿನವರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಠಾಣೆಗಳ ಪುಸ್ತಕದಲ್ಲಿ ಇದರ ನೆರಳು ಮಾತ್ರ ಇದೆ.

2024ರ ಜುಲೈ 1ರಿಂದ ಕಾನೂನೇ ಬದಲಾಗಿದೆ. ಭಾರತೀಯ ನ್ಯಾಯ ಸಂಹಿತೆಯಡಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವು ಈಗ ಅಸಂಜ್ಞೇಯ. ನ್ಯಾಯಾಲಯದ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಮೂರರಿಂದ ಏಳು ವರ್ಷದೊಳಗೆ ಶಿಕ್ಷೆಯಿರುವ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆಗೂ ಅವಕಾಶವಿದೆ. ತೋಟದ ಸಣ್ಣಪುಟ್ಟ ಕಳವು ಹೀಗೆ ಬೇರೆ ಪುಸ್ತಕಕ್ಕೆ ಸರಿಯುತ್ತದೆ. ಮುಂದಿನ ವರದಿಗಳಲ್ಲಿ ಕಳವು ಇಳಿದಂತೆ ಕಂಡರೆ ಇದನ್ನು ನೆನಪಿಡಿ.

ಚಿಕ್ಕಪ್ಪನಿಗೆ ನಾನು ಹೇಳಿದ್ದಿಷ್ಟು. ಇನ್ನೊಮ್ಮೆ ಹಾಗಾದರೆ, ಆಗುವುದು ಬೇಡ, ಹೋದ ಅಡಿಕೆಯ ತೂಕ ಮತ್ತು ಆ ದಿನದ ಮಂಡಿ ದರ ದೂರಿನಲ್ಲೇ ಬರೆಯಿರಿ. ಠಾಣೆಯಲ್ಲಿ ಎಫ್‌ಐಆರ್ ಮಾಡದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಲು ಕಾನೂನಿನಲ್ಲೇ ಅವಕಾಶವಿದೆ. ರಶೀದಿ ಇಟ್ಟುಕೊಳ್ಳಿ.