ಸತ್ಸಂಗದ ಗುಂಪಿಗೆ ಸೇರಿದ ಮೇಲೆ ಅನಾಮಧೇಯ ಮೆಸೇಜ್‌ಗಳು ಬರುತ್ತಿವೆ, ಏನು ಮಾಡಲಿ?

ಓದುಗರ ಪ್ರಶ್ನೆ: ಒಂದು ಆನ್‌ಲೈನ್ ಸತ್ಸಂಗದ ವಾಟ್ಸಾಪ್ ಗುಂಪಿನಲ್ಲಿದ್ದೇನೆ. ಈಚೆಗೆ ಗೊತ್ತಿಲ್ಲದ ನಂಬರುಗಳಿಂದ ಮೆಸೇಜ್ ಬರುತ್ತಿವೆ. ಹೆಸರಿಲ್ಲ, ಫೋಟೊ ಇಲ್ಲ. ನಮ್ಮ ಗುರುಗಳ ಬಗ್ಗೆ ಏನೇನೋ ಬರೆದಿರುತ್ತಾರೆ. ಗುಂಪಿನ ಬೇರೆಯವರಿಗೂ ಬಂದಿದೆಯಂತೆ. ನನ್ನ ನಂಬರ್ ಇವರಿಗೆ ಹೇಗೆ ಸಿಕ್ಕಿತು? ಉತ್ತರ ಕೊಡಬೇಕಾ, ಸುಮ್ನೆ ಇರಬೇಕಾ?

ಉತ್ತರ ಕೊಡಬೇಡಿ. ಹಾಗಂತ ಸುಮ್ಮನೆಯೂ ಇರಬೇಡಿ.

ಮೊದಲು ನಂಬರಿನ ವಿಷಯ. ಯಾರೋ ಹ್ಯಾಕ್ ಮಾಡಿದ್ದಾರೆ ಅಂತ ಹೆದರುವ ಅಗತ್ಯ ಬಹುಶಃ ಇಲ್ಲ. ವಾಟ್ಸಾಪ್ ಗುಂಪಿನಲ್ಲಿ ಸಾಮಾನ್ಯವಾಗಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ, ಒಂದು ಗುಂಪಿನಲ್ಲಿ 1024 ಜನರವರೆಗೆ ಇರಬಹುದು, ಸೇರುವ ಲಿಂಕ್ ಕೈಯಿಂದ ಕೈಗೆ ಹೋಗುತ್ತಲೇ ಇರುತ್ತದೆ. ಯಾರೋ ಒಬ್ಬರು ಬಂದು, ನಂಬರುಗಳನ್ನೆಲ್ಲ ಉಳಿಸಿಕೊಂಡು ಹೊರಟುಹೋದರೆ ಮುಗೀತು. ಆಮೇಲೆ ನೀವು ಗುಂಪು ಬಿಟ್ಟರೂ ಆ ಪಟ್ಟಿ ಅವರ ಹತ್ತಿರವೇ ಇರುತ್ತದೆ. ಟೆಲಿಗ್ರಾಮ್‌ನಲ್ಲಾದರೆ ನಂಬರ್ ಯಾರಿಗೂ ಕಾಣದ ಹಾಗೆ ಸೆಟ್ಟಿಂಗ್ ಇಟ್ಟುಕೊಳ್ಳಬಹುದು.

ಧಾರ್ಮಿಕ ಗುಂಪೇ ಯಾಕೆ ಬೇಕು ಇವರಿಗೆ? ಅಲ್ಲಿ ಜನ ಮನಸ್ಸು ಬಿಚ್ಚಿ ಬರೆಯುತ್ತಾರೆ, ಅದಕ್ಕೆ. 'ಅಮ್ಮನಿಗೆ ಶುಕ್ರವಾರ ಆಪರೇಷನ್, ಎಲ್ಲರೂ ಪ್ರಾರ್ಥಿಸಿ' ಅಂತ ಒಬ್ಬರು ಹಾಕುತ್ತಾರೆ. ಶನಿವಾರ ಅವರಿಗೆ ಅಪರಿಚಿತ ನಂಬರಿಂದ ಮೆಸೇಜ್: 'ಅಮ್ಮ ಹೇಗಿದ್ದಾರೆ? ಇಷ್ಟು ಸೇವೆ ಮಾಡಿದರೂ ನಿಮಗೇ ಯಾಕೆ ಹೀಗಾಯ್ತು ಯೋಚಿಸಿದ್ದೀರಾ? ಯಾರಿಗೂ ಹೇಳಬೇಡಿ.' ಓದಿದವರಿಗೆ ಎದೆ ಧಸಕ್ ಅನ್ನುತ್ತದೆ, ಇವನಿಗೆ ಎಲ್ಲ ಗೊತ್ತಿದೆ ಅನ್ನಿಸುತ್ತದೆ. ಗೊತ್ತಿರುವುದು ನೀವೇ ಬರೆದ ಒಂದು ಸಾಲು, ಅಷ್ಟೇ. ಕೊನೆಯಲ್ಲಿರುವ 'ಯಾರಿಗೂ ಹೇಳಬೇಡಿ' ಗಮನಿಸಿ. ಇಂಥ ಮೆಸೇಜ್ ಬದುಕಿರುವುದೇ ಅದರ ಮೇಲೆ. ನಾಲ್ಕು ಜನ ಫೋನ್ ಪಕ್ಕಪಕ್ಕ ಇಟ್ಟು ನೋಡಿದರೆ ಅದೇ ವಾಕ್ಯ, ಅದೇ ಕಾಗುಣಿತದ ತಪ್ಪು, ಹೆಸರು ಮಾತ್ರ ಬೇರೆ ಅಂತ ಎಷ್ಟೋ ಸಲ ಗೊತ್ತಾಗಿಬಿಡುತ್ತದೆ.

ಕಳಿಸುವವರು ಎಲ್ಲರೂ ಒಂದೇ ಥರದವರಲ್ಲ. ಬೇರೆ ಪಂಥಕ್ಕೆ ಎಳೆಯುವವರು ಇರುತ್ತಾರೆ. 'ಹನ್ನೊಂದು ಜನಕ್ಕೆ ಕಳಿಸದಿದ್ದರೆ ಕೆಡುಕಾಗುತ್ತದೆ' ಅನ್ನುವವರೂ ಇದ್ದಾರೆ, ಅದನ್ನು ಅಳಿಸಿ ಮುಂದೆ ಹೋಗಿ. ದುಡ್ಡಿಗೆ ಬಂದವರು ಜಾಸ್ತಿ ಅಪಾಯ. ಅಮೆರಿಕದ ಗ್ರಾಹಕ ರಕ್ಷಣೆ ಸಂಸ್ಥೆ ಎಫ್‌ಟಿಸಿ 2019ರಲ್ಲೇ ಇದರ ಬಗ್ಗೆ ಎಚ್ಚರಿಸಿತ್ತು: ಧರ್ಮಗುರುಗಳ ಹೆಸರಿನಲ್ಲಿ ಭಕ್ತರಿಗೆ ಮೆಸೇಜ್ ಹಾಕಿ, ಕಷ್ಟದಲ್ಲಿರುವವರಿಗೆ ಅಂತ ಗಿಫ್ಟ್ ಕಾರ್ಡ್ ಕೊಳ್ಳಲು ಹೇಳಿ, ಕಾರ್ಡಿನ ನಂಬರ್ ಪಡೆದು ದುಡ್ಡು ಹೊಡೆಯುವ ಮೋಸ. ಗುರುಗಳ ಹೆಸರಲ್ಲಿ ದುಡ್ಡು ಕೇಳಿದರೆ ಆ ಮೆಸೇಜಿಗೆ ಉತ್ತರಿಸದೆ, ನಿಮಗೆ ಮೊದಲಿಂದ ಗೊತ್ತಿರುವ ನಂಬರಿಗೆ ಫೋನ್ ಮಾಡಿ ಕೇಳಿ.

ನಿಮಗೆ ಬಂದಿರುವ ಮೆಸೇಜ್ ಇನ್ನೊಂದು ಥರದ್ದು, ಗುರುಗಳ ಮೇಲಿನ ಆರೋಪ. ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು. ಹೆಸರು ಹೇಳದೆ ಬರೆಯುವವರಲ್ಲಿ ಕಿಡಿಗೇಡಿಗಳು ಇರುವ ಹಾಗೆ, ಒಳಗೆ ನಿಜವಾಗಿ ನೊಂದು, ಹೆಸರು ಹೇಳಿದರೆ ಎಲ್ಲರೂ ಮೈಮೇಲೆ ಬೀಳುತ್ತಾರೆ ಅಂತ ಹೆದರಿದವರೂ ಇರುತ್ತಾರೆ. ಮೆಸೇಜ್ ನೋಡಿದ ಕೂಡಲೇ ಯಾರು ಅಂತ ಹೇಳಲಾಗದು. ಹಾಗಾಗಿ ಬರೆದವರನ್ನೂ ವಿಷಯವನ್ನೂ ಬೇರೆಬೇರೆ ಇಡಿ. ದೇಣಿಗೆ ಲೆಕ್ಕದ ಬಗ್ಗೆ ಆರೋಪ ಇದೆಯಾ? ಲೆಕ್ಕ ತೋರಿಸಿ ಅಂತ ಸತ್ಸಂಗ ನಡೆಸುವವರನ್ನು ನೀವೇ ನಿಮ್ಮ ಹೆಸರಲ್ಲಿ ಕೇಳಬಹುದಲ್ಲ. ಅದಕ್ಕೆ ಆ ಅನಾಮಧೇಯ ವ್ಯಕ್ತಿ ಬೇಕಾಗಿಲ್ಲ. ಕೇಳಿದ್ದಕ್ಕೆ 'ನೀವೂ ಅವರ ಕಡೆಯವರಾ' ಅಂದರೆ, ಅದೂ ಒಂದು ಉತ್ತರವೇ!

ಯಾರು ಕಳಿಸಿದ್ದು ಅಂತ ಗುಂಪಿನೊಳಗೆ ಹುಡುಕಲು ಮಾತ್ರ ಹೊರಡಬೇಡಿ. ಕಳೆದ ತಿಂಗಳು ಗುಂಪು ಬಿಟ್ಟವರು, ಪ್ರಶ್ನೆ ಜಾಸ್ತಿ ಕೇಳುವವರು, ಯಾರ ಜೊತೆಗೋ ಮಾತು ಬಿಟ್ಟವರು, ಹೀಗೆ ಒಬ್ಬೊಬ್ಬರ ಮೇಲೂ ಅನುಮಾನ ಶುರುವಾಗುತ್ತದೆ. ಆಧಾರ ಅಂತೂ ಇರುವುದಿಲ್ಲ. ಮೆಸೇಜ್ ಮಾಡಲಾಗದ ಹಾನಿಯನ್ನು ಈ ಪತ್ತೇದಾರಿಕೆ ಮಾಡುತ್ತದೆ.

ಈಗ ಕೈಯಲ್ಲಿ ಆಗುವ ಕೆಲಸ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ನಂಬರು, ತಾರೀಕು, ಸಮಯ ಮೂರೂ ಕಾಣಬೇಕು. ಆಮೇಲೆ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ. ಈ ಕ್ರಮ ತಪ್ಪಬೇಡಿ, ರಿಪೋರ್ಟ್ ಮಾಡುವ ಭರದಲ್ಲಿ ಚಾಟ್ ಅಳಿಸಿಹೋದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ವಾಟ್ಸಾಪ್‌ನಲ್ಲಿ ರಿಪೋರ್ಟ್ ಮಾಡಿದರೆ ಅವರು ನಿಮಗೆ ಕಳಿಸಿದ ಕೊನೆಯ ಐದು ಮೆಸೇಜ್ ಕಂಪನಿಗೆ ಹೋಗುತ್ತವೆ, ಕಳಿಸಿದವರಿಗೆ ಸೂಚನೆ ಹೋಗುವುದಿಲ್ಲ. 'ಯಾರು ನೀವು?' ಅಂತ ಒಂದೇ ಮಾತು ಕೇಳಿದರೂ ಈ ನಂಬರ್ ಚಾಲ್ತಿಯಲ್ಲಿದೆ, ಈ ವ್ಯಕ್ತಿ ಓದುತ್ತಾರೆ ಅಂತ ಅವರಿಗೆ ಗೊತ್ತಾಗುತ್ತದೆ. ಲಿಂಕ್ ಇದ್ದರೆ ಮುಟ್ಟಬೇಡಿ. ಬೆದರಿಕೆ ಇದ್ದರೆ, ಮನೆ ವಿಳಾಸ, ಮಕ್ಕಳ ಹೆಸರು ಬಂದರೆ, ಸ್ಕ್ರೀನ್‌ಶಾಟ್ ಹಿಡಿದು ನೇರ ಪೊಲೀಸರ ಹತ್ತಿರ ಹೋಗಿ.

ಗುಂಪಿನ ಅಡ್ಮಿನ್‌ಗೂ ಹೇಳಿ. ಹಳೆಯ ಲಿಂಕ್ ರದ್ದು ಮಾಡಿ ಹೊಸದು ತೆಗೆಯಲಿ, ಹೊಸಬರು ಒಪ್ಪಿಗೆ ಸಿಕ್ಕ ಮೇಲೆ ಸೇರುವ ಹಾಗೆ ಮಾಡಲಿ. ಎಲ್ಲರಿಗೂ ಎಚ್ಚರಿಕೆ ಹಾಕುವಾಗ ಒಂದು ವಿಷಯ ನೋಡಿಕೊಳ್ಳಲಿ: 'ಇಂಥ ಮೆಸೇಜ್ ಬರುತ್ತಿದೆ, ಬಂದವರು ನನಗೆ ತಿಳಿಸಿ' ಅಂದರೆ ಸಾಕು. ಎಷ್ಟೋ ಅಡ್ಮಿನ್‌ಗಳು 'ಇದನ್ನು ನಂಬಬೇಡಿ' ಅಂತ ಆ ಮೆಸೇಜನ್ನೇ ಪೂರ್ತಿ ಗುಂಪಿಗೆ ಅಂಟಿಸಿ, ಅಲ್ಲಿಯವರೆಗೆ ಬರದೇ ಇದ್ದವರಿಗೂ ತಾವೇ ತಲುಪಿಸಿಬಿಡುತ್ತಾರೆ.