‘ಮುಂಚಿತವಾಗಿ’ ಅಂದರೆ ಎಷ್ಟು ಹೊತ್ತು ಮುಂಚೆ?

ರಾತ್ರಿ ಹತ್ತು ಗಂಟೆಗೆ ಹನ್ನೊಂದು ಜನರ ಫೋನಿಗೆ ಒಂದು ಮೆಸೇಜ್ ಹೋಯಿತು: ನಾಳೆ ಬೆಳಿಗ್ಗೆ ಆರರ ಪಾಳಿಗೆ ಬನ್ನಿ. ಬೆಳಿಗ್ಗೆ ಬಂದವರು ನಾಲ್ವರು. ಉಳಿದ ಏಳು ಜನಕ್ಕೆ ನೋಟಿಸ್ ಕೊಟ್ಟರು. ವಾರ ಕಳೆಯುವಷ್ಟರಲ್ಲಿ ಇಡೀ ಕಾರ್ಖಾನೆ ನಿಂತಿತ್ತು.

ನಾನು ಸಂಧಾನಕ್ಕೆ ಕೂತಿದ್ದ ಪ್ರಕರಣ ಇದು. ಆಡಳಿತ ಮತ್ತು ಯೂನಿಯನ್ ಸೇರಿ ಸಹಿ ಹಾಕಿದ್ದ ಸಾಮೂಹಿಕ ಒಪ್ಪಂದದ ಪ್ರತಿಯನ್ನು ಎರಡೂ ಕಡೆಯವರು ತಂದಿದ್ದರು. ಇಬ್ಬರೂ ಬೆರಳಿಟ್ಟು ತೋರಿಸಿದ್ದು ಒಂದೇ ಸಾಲನ್ನು: ‘ಪಾಳಿ ಬದಲಾವಣೆಯನ್ನು ಮುಂಚಿತವಾಗಿ ತಿಳಿಸತಕ್ಕದ್ದು.’ ಎಂಟು ಗಂಟೆ ಮುಂಚೆಯೇ ತಿಳಿಸಿದ್ದೇವಲ್ಲ ಅಂದರು ಆಡಳಿತದವರು. ಮಲಗಿದವರಿಗೆ ಕಳಿಸಿದರೆ ತಿಳಿಸಿದ ಹಾಗಾಯಿತಾ, ಬೆಳಿಗ್ಗೆ ಮಗುವನ್ನು ಯಾರ ಹತ್ತಿರ ಬಿಡಬೇಕಿತ್ತು ಅಂತ ಕೇಳಿದರು ಯೂನಿಯನ್‌ನ ಹೆಣ್ಣುಮಗಳೊಬ್ಬರು. ಇಬ್ಬರ ಮಾತಲ್ಲೂ ಸುಳ್ಳಿರಲಿಲ್ಲ.

ಈ ಪದ ಇಲ್ಲಿಗೆ ಬಂದದ್ದು ಹೇಗೆ ಅಂತ ಕೇಳಿದೆ. ಹಳಬರೊಬ್ಬರಿಗೆ ನೆನಪಿತ್ತು. ಒಪ್ಪಂದದ ದಿನ ಯೂನಿಯನ್ 48 ಗಂಟೆ ಕೇಳಿತ್ತಂತೆ, ಆಡಳಿತ 12 ಅಂದಿತ್ತಂತೆ. ಮಧ್ಯರಾತ್ರಿ ಆಗಿತ್ತು, ಎಲ್ಲರಿಗೂ ಸಾಕಾಗಿತ್ತು. ಸಂಬಳದ ಮಾತು ಮುಗಿದಿತ್ತಲ್ಲ, ಇದೊಂದಕ್ಕೆ ಯಾಕೆ ಜಗ್ಗಾಟ ಅಂತ ‘ಮುಂಚಿತವಾಗಿ’ ಅಂತ ಬರೆದು ಸಹಿ ಹಾಕಿದರು. ಅಂದರೆ ಆ ಜಗಳ ಅವತ್ತು ಬಗೆಹರಿಯಲೇ ಇಲ್ಲ. ಎರಡು ವರ್ಷ ಕಾಗದದೊಳಗೆ ಸುಮ್ನೆ ಕೂತಿತ್ತು, ಅಷ್ಟೇ. ‘ಸಾಧ್ಯವಾದಷ್ಟು’, ‘ಸೂಕ್ತ ರೀತಿಯಲ್ಲಿ’, ‘ಪರಸ್ಪರ ಚರ್ಚಿಸಿ’ ಅನ್ನುವ ಮಾತುಗಳೂ ಇಂಥವೇ. ನನ್ನ ಮುಂದೆ ಬರುವ ತಕರಾರುಗಳಲ್ಲಿ ದುರಾಸೆಯಿಂದ ಹುಟ್ಟಿದವು ಕಡಿಮೆ, ಇಂಥ ಪದಗಳಿಂದ ಹುಟ್ಟಿದವೇ ಜಾಸ್ತಿ.

ವಿವಾದದಲ್ಲಿ ಎರಡು ಜಾತಿ ಇದೆ. ಹೊಸ ಒಪ್ಪಂದದಲ್ಲಿ ಏನಿರಬೇಕು ಅನ್ನುವುದು ಒಂದು. ಅಲ್ಲಿ ಚೌಕಾಸಿ ನಡೆಯುತ್ತದೆ, ಮುಷ್ಕರಕ್ಕೂ ಜಾಗವಿದೆ. ಸಹಿಯಾದ ಒಪ್ಪಂದಕ್ಕೆ ಏನರ್ಥ ಅನ್ನುವುದು ಇನ್ನೊಂದು. ಇದು ಬಲ ತೋರಿಸಿ ತೀರ್ಮಾನಿಸುವ ವಿಷಯವಲ್ಲ, ಓದಿ ಹೇಳುವ ವಿಷಯ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1951ರ ಶಿಫಾರಸು ಕೂಡ, ಅರ್ಥದ ಬಗ್ಗೆ ಬರುವ ವಿವಾದಕ್ಕೆ ಎರಡೂ ಕಡೆಯವರು ಒಪ್ಪಿಕೊಂಡ ಅಥವಾ ಕಾನೂನು ಹಾಕಿಕೊಟ್ಟ ದಾರಿಯೊಂದು ಇರಬೇಕು ಅನ್ನುತ್ತದೆ. ಮಾಲೀಕರು ಒಬ್ಬೊಬ್ಬ ಕಾರ್ಮಿಕರ ಜೊತೆ ಬೇರೆ ಕರಾರು ಮಾಡಿಕೊಂಡು ಒಪ್ಪಂದಕ್ಕಿಂತ ಕಡಿಮೆ ಕೊಡುವಂತಿಲ್ಲ ಅನ್ನುವುದೂ ಅದರಲ್ಲೇ ಇದೆ.

ಆ ದಾರಿ ಮಾತ್ರ ಎಲ್ಲ ಕಡೆ ಒಂದೇ ಥರ ಇಲ್ಲ. ಸ್ವೀಡನ್ 1928ರಲ್ಲೇ ಕಾನೂನು ಮಾಡಿ ಇಂಥ ವಿವಾದಗಳನ್ನು ಕಾರ್ಮಿಕ ನ್ಯಾಯಾಲಯಕ್ಕೆ ಒಪ್ಪಿಸಿತು. ಅಮೆರಿಕದಲ್ಲಿ ಸಾಮಾನ್ಯವಾಗಿ ಎರಡೂ ಕಡೆಯವರು ಆರಿಸಿಕೊಂಡ ಮಧ್ಯಸ್ಥಗಾರ ತೀರ್ಪು ಕೊಡುತ್ತಾರೆ. ಅವರು ಒಪ್ಪಂದವನ್ನೇ ಆಧರಿಸಿ ಹೇಳಿದ್ದರೆ ಕೋರ್ಟು ಅದನ್ನು ಕೆದಕಬಾರದು ಅಂತ 1960ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಬ್ರಿಟನ್ನಿನ ಕಥೆಯೇ ಬೇರೆ. ಕಾನೂನಿನ ಬಲ ಇರಲಿ ಅಂತ ಒಪ್ಪಂದದಲ್ಲೇ ಬರೆದಿರದಿದ್ದರೆ ಅದಕ್ಕೆ ಆ ಬಲವಿಲ್ಲ ಅಂತಲೇ ಲೆಕ್ಕ. ಹಾಗಾಗಿ ನಿಮ್ಮ ಒಪ್ಪಂದ ಯಾವ ಕಾನೂನಿನ ಕೆಳಗಿದೆ ಅನ್ನುವುದನ್ನು ಮೊದಲು ನೋಡಿಕೊಳ್ಳಿ. ಒಪ್ಪಂದದ ಅವಧಿ ಇನ್ನೂ ಉಳಿದಿರುವಾಗ ಕೆಲಸ ನಿಲ್ಲಿಸುವುದು ಎಷ್ಟೋ ಕಡೆ ತಪ್ಪಾಗುತ್ತದೆ. ನ್ಯಾಯ ನಿಮ್ಮ ಕಡೆಗಿದ್ದರೂ ಕೇಸು ಕೈತಪ್ಪಿ ಹೋಗಬಹುದು. ಇದನ್ನು ಕಣ್ಣಾರೆ ನೋಡಿದ್ದೇನೆ, ತುಂಬಾ ನೋವಾಗುತ್ತದೆ.

ಯೂನಿಯನ್‌ನವರಿಗೂ ಆಡಳಿತದವರಿಗೂ ನಾನು ಕೈಮುಗಿದು ಕೇಳಿಕೊಳ್ಳುವುದು ಒಂದಿದೆ. ಮಾತುಕತೆಯ ನಡಾವಳಿಯನ್ನು ಅಂದಂದೇ ಬರೆದಿಡಿ. ಯಾರು ಏನು ಕೇಳಿದರು, ಯಾಕೆ ಬಿಟ್ಟುಕೊಟ್ಟರು ಅನ್ನುವುದು ಎರಡು ಸಾಲಲ್ಲಿದ್ದರೂ ಸಾಕು. ಪದದ ಅರ್ಥ ಕೈಗೆ ಸಿಗದಾಗ ಮೊದಲು ಹುಡುಕುವುದು ಅದನ್ನೇ. ಈ ಪ್ರಕರಣದಲ್ಲಿ ಅದು ಇರಲಿಲ್ಲ. ಆ ಹಳಬರು ಅಷ್ಟರಲ್ಲಿ ನಿವೃತ್ತರಾಗಿದ್ದಿದ್ದರೆ ನಮಗೆ ಆ ರಾತ್ರಿಯ ಸುದ್ದಿಯೂ ಸಿಗುತ್ತಿರಲಿಲ್ಲ. ಇನ್ನು ದೂರು ಕೊಟ್ಟರೆ ಎಷ್ಟು ದಿನದಲ್ಲಿ ಉತ್ತರ ಬರಬೇಕು ಅನ್ನುವುದನ್ನೂ ಒಪ್ಪಂದದಲ್ಲೇ ಹಾಕಿಸಿ. ಉತ್ತರವೇ ಬಾರದ ದೂರು ಬೇಗ ಗೇಟಿನ ಮುಂದೆ ಬಂದು ನಿಲ್ಲುತ್ತದೆ.

ಆ ಸಾಲನ್ನು ಮೂರನೇ ದಿನ ತಿದ್ದಿದೆವು. 24 ಗಂಟೆ ಮುಂಚೆ ತಿಳಿಸಬೇಕು. ಮೆಸೇಜಿಗೆ ಮರು ಉತ್ತರ ಬಂದರೆ ಮಾತ್ರ ತಿಳಿಸಿದ ಲೆಕ್ಕ. ಅದಕ್ಕಿಂತ ಕಡಿಮೆ ಹೊತ್ತಿದ್ದರೆ ಬರಲ್ಲ ಅನ್ನುವ ಹಕ್ಕಿದೆ, ಬಂದವರಿಗೆ ಹೆಚ್ಚಿನ ಭತ್ಯೆ ಇದೆ. ಏಳು ನೋಟಿಸ್ ವಾಪಸಾದವು. ಕೊನೆಯಲ್ಲಿ ಆಡಳಿತದವರು ‘ತುರ್ತು ಸಂದರ್ಭ ಹೊರತುಪಡಿಸಿ’ ಅಂತ ಸೇರಿಸಲು ಹೊರಟರು. ಮಗುವಿನ ವಿಷಯ ಎತ್ತಿದ್ದ ಆ ಹೆಣ್ಣುಮಗಳು ಪೆನ್ನಿನ ಮುಂದೆ ಕೈ ಅಡ್ಡ ಇಟ್ಟರು. “ಸರ್, ತುರ್ತು ಅಂದರೆ ಏನೇನು? ಒಂದೊಂದಾಗಿ ಬರೆಯೋಣ.” ಬೆಂಕಿ, ಯಂತ್ರ ಕೆಡುವುದು, ಕರೆಂಟ್ ಹೋಗುವುದು. ಈ ಮೂರನ್ನು ಬರೆದು ಮುಗಿಸಲು ಇನ್ನೂ ಎರಡು ಗಂಟೆ ಹಿಡಿಯಿತು. ಯಾರೂ ಎದ್ದು ಹೋಗಲಿಲ್ಲ.