ಎರೆಹುಳುವಿನ ಎರೆ ಯಾವುದು?

‘ಎರೆ ಮಣ್ಣಿನಲ್ಲಿ ಇರುವುದರಿಂದ ಅದಕ್ಕೆ ಎರೆಹುಳು ಎಂಬ ಹೆಸರು ಬಂತು.’ ಈ ವಾಕ್ಯವನ್ನು ಈ ವರ್ಷ ಮೂರು ಕಡೆ ಓದಿದ್ದೇನೆ. ಮೊದಲು ಗೊಬ್ಬರದ ಕರಪತ್ರವೊಂದರಲ್ಲಿ, ಆಮೇಲೆ ಮಕ್ಕಳಿಗಾಗಿ ಬರೆದ ವಿಜ್ಞಾನದ ಟಿಪ್ಪಣಿಯಲ್ಲಿ, ಕಳೆದ ವಾರ ನಮ್ಮ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಮೊದಲೆರಡು ಸಲ ಸುಮ್ಮನಿದ್ದೆ. ಮೂರನೆಯದನ್ನು ನನ್ನ ಮಗಳು ಓದಿ, ‘ಅಮ್ಮ, ಹಾಗಾದರೆ ನಾವು ಮೀನಿಗೆ ಹಾಕಿದ್ದು ಎರೆ ಅಲ್ಲವೇ?’ ಎಂದು ಕೇಳಿದಾಗ ಬರೆಯದೆ ವಿಧಿಯಿಲ್ಲ ಎನ್ನಿಸಿತು.

ಎರೆಭೂಮಿಯ ಎರೆ ಬೇರೆ. ಗದಗ, ಧಾರವಾಡ, ವಿಜಯಪುರದ ಕಡೆಯವರು ಕಪ್ಪು ನೆಲಕ್ಕೆ ಹೇಳುವ ಮಾತು ಅದು. ಜೋಳ, ಹತ್ತಿ, ಕಡಲೆ ಬೆಳೆಯುವ, ಬೇಸಿಗೆ ಬಂದರೆ ಬಾಯಿ ಬಿಡುವ ನೆಲ. ಎರೆಹುಳುವಿನಲ್ಲಿ ಇರುವ ಎರೆ ಎಂದರೆ ಪ್ರಾಣಿಯ ತಿನಿಸು. ಹಕ್ಕಿ ಮರಿಗೆ ತಂದು ಕೊಡುವುದು ಎರೆ, ಹಾವು ಹುಡುಕಿಕೊಂಡು ಹೋಗುವುದು ಎರೆ, ಮೀನಿಗಾಗಿ ಗಾಳದ ತುದಿಗೆ ಸಿಕ್ಕಿಸುವುದೂ ಎರೆ. ಎರೆಗೆ ಒದಗುವ ಹುಳು ಎರೆಹುಳು. ಅದರ ಹೆಸರು ಅದು ಇರುವ ಮಣ್ಣಿನಿಂದ ಬಂದದ್ದಲ್ಲ, ಅದನ್ನು ನುಂಗುವ ಬಾಯಿಯಿಂದ ಬಂದದ್ದು.

ಇದಕ್ಕೆ ನಿಘಂಟೇ ಬೇಕೆಂದಿಲ್ಲ, ಮಲೆನಾಡನ್ನು ನೋಡಿದರೆ ಸಾಕು. ಅಲ್ಲಿ ಕಪ್ಪು ನೆಲವಿಲ್ಲ, ಕೆಂಪು ಮಣ್ಣಿನ ಗುಡ್ಡಗಳು. ಆ ಮಣ್ಣನ್ನು ಅಲ್ಲಿ ಯಾರೂ ಎರೆ ಎನ್ನುವುದಿಲ್ಲ. ಆದರೂ ಅಡಿಕೆ ತೋಟದ ಹಸಿಯಲ್ಲಿ ಗುದ್ದಲಿಯ ಒಂದೇ ಏಟಿಗೆ ಹೊರಬರುವ ಹುಳು ಎರೆಹುಳುವೇ. ಹೆಸರು ಮಣ್ಣಿನಿಂದ ಬಂದಿದ್ದರೆ ಆ ಮಣ್ಣೇ ಇಲ್ಲದ ಊರಿಗೆ ಅದು ಹೇಗೆ ಹೋಯಿತು? ಕರಪತ್ರ ಬರೆದವರು ಇದೊಂದು ಪ್ರಶ್ನೆ ಕೇಳಿಕೊಂಡಿದ್ದರೆ ಸಾಕಿತ್ತು.

ನೆರೆಯ ಭಾಷೆಗಳು ಇನ್ನೂ ಸ್ಪಷ್ಟವಾಗಿ ಹೇಳುತ್ತವೆ. ತೆಲುಗಿನಲ್ಲಿ ‘ಎರ’ ಎಂದರೆ ಗಾಳದ ತಿನಿಸು. ಯಾರನ್ನಾದರೂ ಆಸೆ ತೋರಿಸಿ ಹಿಡಿಯುವುದಕ್ಕೆ ‘ಎರ ವೇಯಡಂ’ ಎನ್ನುತ್ತಾರೆ. ಇಂದಿಗೂ ದಿನಬಳಕೆಯ ಮಾತು. ತಮಿಳಿನಲ್ಲಿ ‘ಇರೈ’, ಮಲಯಾಳದಲ್ಲಿ ‘ಇರ’. ಮಲಯಾಳದವರು ಆ ಪದವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದಿದ್ದಾರೆ. ಅಲ್ಲಿನ ಪತ್ರಿಕೆಗಳಲ್ಲಿ ಅಪರಾಧಕ್ಕೆ ಬಲಿಯಾದವರೂ ‘ಇರ’ ಎನ್ನಿಸಿಕೊಳ್ಳುತ್ತಾರೆ. ತಿನ್ನುವ ಬಾಯಿಗೆ ಸಿಕ್ಕಿದ್ದು ಎಂಬ ಮೂಲದ ಅರ್ಥ ಅಲ್ಲಿಯೂ ಉಳಿದಿದೆ. ನಾಲ್ಕು ಭಾಷೆಗಳಲ್ಲೂ ಇರುವ ಈ ಪದವನ್ನು ಮರೆತಿರುವವರು ನಾವು ಮಾತ್ರ, ಅದೂ ಹುಳುವಿನ ಹೆಸರಿನಲ್ಲಿ ಅದನ್ನು ದಿನವೂ ಆಡುತ್ತಲೇ.

ಗೊಂದಲ ಏಕೆ ಆಯಿತು ಎಂಬುದಕ್ಕೂ ಕಾರಣವಿದೆ. ಕನ್ನಡದಲ್ಲಿ ಎರೆಗಳು ಹಲವು. ದೀಪಾವಳಿಯಂದು ತಲೆಗೆ ನೀರು ಎರೆಯುವುದು ಒಂದು. ದೋಸೆ ಎರೆಯುವುದು ಅದೇ. ‘ಎರೆಯ’ ಎಂದರೆ ಒಡೆಯ. ಹೊಯ್ಸಳರ ಎರೆಯಂಗನ ಹೆಸರಿನಲ್ಲಿ ಇರುವುದು ಅದು. ಹಳಗನ್ನಡದವರಿಗೆ ಈ ತೊಡಕು ಇಷ್ಟು ಇರಲಿಲ್ಲ, ಏಕೆಂದರೆ ಅವರ ಕೈಯಲ್ಲಿ ಎರಡು ರಕಾರಗಳಿದ್ದವು. ನೀರು ಎರೆಯುವುದನ್ನೂ ಒಡೆಯನಾದ ಎರೆಯನನ್ನೂ ಶಕಟರೇಫದಿಂದ, ಅಂದರೆ ಱ ಅಕ್ಷರದಿಂದ, ‘ಎಱೆ’, ‘ಎಱೆಯ’ ಎಂದು ಬರೆಯುತ್ತಿದ್ದರು. ತಿನಿಸಿನ ಎರೆಗೆ ಸಾಮಾನ್ಯ ರಕಾರ. ತಮಿಳು ಬರಹದಲ್ಲಿ ಈ ಭೇದ ಇಂದಿಗೂ ಉಳಿದಿದೆ. ದೇವರನ್ನು ಹೇಳುವ ‘ಇಱೈ’ಗೆ ಒಂದು ಅಕ್ಷರ, ಹಕ್ಕಿಯ ತಿನಿಸಾದ ‘ಇರೈ’ಗೆ ಇನ್ನೊಂದು. ನಾವು ಱ ಅಕ್ಷರವನ್ನು ಕೈಬಿಟ್ಟೆವು. ಒಡೆಯನೂ ಹುಳುವೂ ಒಂದೇ ಕಾಗುಣಿತಕ್ಕೆ ಬಂದು ನಿಂತರು. ಅಕ್ಷರ ಹೋದದ್ದಕ್ಕೆ ಯಾರನ್ನೂ ದೂರುವಂತಿಲ್ಲ, ಉಚ್ಚಾರಣೆ ಮೊದಲೇ ಹೋಗಿತ್ತು. ಆದರೆ ಪದದ ಮೂಲ ಹೇಳಲು ಹೊರಟವರು ಈ ಹಳೆಯ ಭೇದವನ್ನು ಒಮ್ಮೆ ನೋಡಬೇಕು. ಮಳೆ ಎರೆದಾಗ ಹೊರಬರುವ ಹುಳು ಎಂದು ವಿವರಿಸುವವರೂ ಇದ್ದಾರೆ. ಅದು ಮೇಲೆ ಹೇಳಿದ ಎಱೆ. ಅದಕ್ಕೂ ಹುಳುವಿಗೂ ನಂಟಿಲ್ಲ.

‘ಎರೆಗೊಬ್ಬರ’ ಎಂಬ ಮಾತಿನ ಬಗ್ಗೆ ನನಗೆ ತಕರಾರಿಲ್ಲ. ಬರಿಯ ‘ಎರೆ’ ಎಂದರೆ ಎರೆಹುಳು ಎಂಬ ಅರ್ಥ ಹಳೆಯದೇ.

ಇನ್ನು ಮಗಳು ಕೇಳಿದ ಪ್ರಶ್ನೆ. ನಾವು ಇರುವುದು ಇಂಗ್ಲೆಂಡಿನ ಬರ್ಕ್‌ಷೈರಿನಲ್ಲಿ. ಕಳೆದ ಜುಲೈನ ಒಂದು ಶನಿವಾರ ಅವಳನ್ನು ಕರೆದುಕೊಂಡು ಹತ್ತಿರದ ಕೊಳವೊಂದಕ್ಕೆ ಹೋಗಿದ್ದೆ. ಗಾಳ ಹಾಕಲು ಇಲ್ಲಿ ಪರವಾನಗಿ ಬೇಕು. 13 ವರ್ಷ ತುಂಬದ ಮಕ್ಕಳಿಗೆ ಬೇಡ. ನನ್ನದು ಚೀಲದಲ್ಲಿತ್ತು. ನಾವು ಹುಡುಕುತ್ತಿದ್ದದ್ದು ಗೆಂಡೆ ಮೀನನ್ನು, ಅಂದರೆ ಎಲ್ಲರೂ ಈಗ ಕಾರ್ಪ್ ಎನ್ನುವುದನ್ನು. ಕರ್ನಾಟಕದ ಕೆರೆಗಳಲ್ಲಿ ಸಾಕುವ ಸಾಮಾನ್ಯ ಗೆಂಡೆಯ ಜಾತಿಯೇ. ‘ಕಾರ್ಪ್ ಮೀನು’ ಎಂದು ಬರೆಯುವವರು ಗೆಂಡೆ ಎಂದೇ ಬರೆಯಬಹುದು. ಮೀನು ಸಾಕುವ ರೈತರಿಗೆ ಹುಲ್ಲುಗೆಂಡೆ, ಬೆಳ್ಳಿಗೆಂಡೆ ಹೊಸ ಹೆಸರುಗಳಲ್ಲ.

ಗೆಂಡೆಯ ಬಾಯಿ ಕೆಳಮುಖದ್ದು. ಬಾಯಿಯ ಇಕ್ಕೆಲದಲ್ಲಿ ಎರಡೆರಡು ಮೀಸೆ, ದವಡೆಯಲ್ಲಿ ಹಲ್ಲಿಲ್ಲ, ಅಗಿಯುವ ಹಲ್ಲು ಗಂಟಲಿನಲ್ಲಿ. ಕೆಸರು ಕೆದಕಿ ತಿನ್ನುವುದಕ್ಕೆ ಆದ ಬಾಯಿ ಅದು. ನನ್ನ ಅಪ್ಪ ಊರಿನ ಕೆರೆಯಲ್ಲಿ ಬಿದಿರು ಕೋಲಿಗೆ ದಾರ ಕಟ್ಟಿ, ತೆಂಗಿನ ಚಿಪ್ಪಿನಲ್ಲಿ ಹಸಿ ಮಣ್ಣಿನೊಡನೆ ಇಟ್ಟುಕೊಂಡ ಎರೆಹುಳುವನ್ನು ಸಿಕ್ಕಿಸಿ ತಳಕ್ಕೆ ಇಳಿಬಿಡುತ್ತಿದ್ದದ್ದು ಅದಕ್ಕೇ. ಎರೆ ಕೆಳಗೆ, ಬೆಂಡು ಮೇಲೆ. ಬೆಂಡು ಮುಳುಗಿದಾಗಷ್ಟೇ ಕೆಳಗೆ ನಡೆದದ್ದು ಗೊತ್ತಾಗುತ್ತಿತ್ತು. ಆದರೆ ಬಿಸಿಲು ಹತ್ತಿ ನೀರಿನ ಮೇಲ್ಪದರ ಬೆಚ್ಚಗಾದ ದಿನ ಗೆಂಡೆಗಳು ಮೇಲಕ್ಕೆ ಬಂದು ತೇಲಾಡುತ್ತವೆ. ತಳದಲ್ಲಿ ಇಟ್ಟ ಎರೆಯನ್ನು ತಿರುಗಿ ನೋಡುವುದಿಲ್ಲ. ಆಗ ಎರೆಯೂ ತೇಲಬೇಕು. ಇಂಗ್ಲೆಂಡಿನವರು ಅದಕ್ಕೆ ಬ್ರೆಡ್ಡಿನ ಅಂಚನ್ನೋ ತೇಲುವ ನಾಯಿ ಬಿಸ್ಕತ್ತನ್ನೋ ಬಳಸುತ್ತಾರೆ. ಬ್ರೆಡ್ಡಿನ ಒಳಗಿನ ಮೆದುಭಾಗ ನೀರು ಕುಡಿದು ಬಿಟ್ಟುಹೋಗುತ್ತದೆ, ಅಂಚು ತಾಳುತ್ತದೆ. ಇಲ್ಲಿ ಎರೆಯೇ ಬೆಂಡು. ಮೀನು ತುಟಿ ಚಾಚಿ ತುಂಡನ್ನು ಹೀರಿಕೊಳ್ಳುವುದು ಕಣ್ಣಿಗೆ ಕಾಣಿಸುತ್ತದೆ, ಚಪ್ ಎಂದು ಕೇಳಿಸುತ್ತದೆ.

ಈ ಬಗೆಯಲ್ಲಿ ಮೊದಲ ಅರ್ಧ ಗಂಟೆ ಗಾಳಕ್ಕೆ ಕೆಲಸವೇ ಇಲ್ಲ. ಕೊಕ್ಕೆಯಿಲ್ಲದ ತುಂಡುಗಳನ್ನು ಗಾಳಿ ಬರುವ ದಿಕ್ಕಿನಿಂದ ಎಸೆದು ತೇಲಲು ಬಿಡಬೇಕು. ಮೊದಲು ಮೀನುಗಳು ಹತ್ತಿರ ಬಂದು ಮೂಗು ತಾಗಿಸಿ ಹಿಂದೆ ಸರಿಯುತ್ತವೆ. ಒಂದು ತಿನ್ನುತ್ತದೆ. ಆಮೇಲೆ ಇನ್ನೊಂದು. ಅವು ಹೆದರಿಕೆ ಬಿಟ್ಟು ಒಂದರ ಹಿಂದೆ ಒಂದು ತುಂಡು ನುಂಗತೊಡಗಿದ ಮೇಲೆ ಕೊಕ್ಕೆಯಿರುವ ತುಂಡನ್ನು ಅವುಗಳಿಂದಾಚೆ ಬೀಸಿ, ಮೆಲ್ಲಗೆ ಎಳೆದು ಉಳಿದವುಗಳ ನಡುವೆ ತಂದು ನಿಲ್ಲಿಸಬೇಕು. ಮಗಳು ಚೀಲದ ಬ್ರೆಡ್ಡೆಲ್ಲ ಹರಿದು ಹರಿದು ಎಸೆಯುತ್ತಿದ್ದಳು. ಕೊಳದ ಆ ಬದಿಯಿಂದ ಬಾತುಕೋಳಿಗಳು ಬಂದು ಅರ್ಧದಷ್ಟನ್ನು ತಿಂದು ಹಾಕಿದವು. ‘ಕೊಕ್ಕೆ ಇಲ್ಲದಿದ್ದರೂ ಅದು ಎರೆಯೇ ಅಮ್ಮ? ಬಾತು ತಿಂದರೆ?’ ಎಂದು ಕೇಳಿದಳು.

ಹೌದು ಎಂದೆ. ಈ ಪದದ ಬಗ್ಗೆ ನನಗೆ ಹೇಳಬೇಕಾದ ಮುಖ್ಯ ಸಂಗತಿ ಅದೇ. ಎರೆ ಎಂಬುದು ತಿನ್ನುವವರ ಕಡೆಯಿಂದ ಇಟ್ಟ ಹೆಸರು. ಒಳಗೆ ಕೊಕ್ಕೆ ಇದೆಯೋ ಇಲ್ಲವೋ, ಇಟ್ಟವರ ಮನಸ್ಸಿನಲ್ಲಿ ಏನಿದೆಯೋ, ಪದ ಕೇಳುವುದಿಲ್ಲ. ಹಕ್ಕಿ ತಿಂದರೂ ಮೀನು ತಿಂದರೂ ಅದು ಎರೆ. ಇಂಗ್ಲಿಷಿನಲ್ಲಿ ಮಾತನಾಡಿಕೊಳ್ಳುವ ಇಲ್ಲಿನ ಗಾಳದವರು ಕೊಕ್ಕೆಯ ತುಂಡಿಗೆ ಒಂದು ಹೆಸರು, ಸುಮ್ಮನೆ ಎಸೆದ ತುಂಡಿಗೆ ಬೇರೆ ಹೆಸರು ಹೇಳುತ್ತಾರೆ. ನಮಗೆ ಒಂದೇ ಪದ ಎರಡಕ್ಕೂ ಆಗುತ್ತದೆ, ಮತ್ತು ನೀರಿನ ಕೆಳಗಿನಿಂದ ನೋಡುವ ಗೆಂಡೆಗೂ ಅವೆರಡೂ ಒಂದೇ.

ಎರೆ ಎಂದರೆ ಹುಳುವೇ ಆಗಬೇಕೆಂದೂ ಇಲ್ಲ. ಇಂಗ್ಲೆಂಡಿನ ಹೆಸರಾಂತ ಗಾಳಗಾರ ರಿಚರ್ಡ್ ವಾಕರ್ 1952ರ ಸೆಪ್ಟೆಂಬರಿನಲ್ಲಿ ರೆಡ್‌ಮೈರ್ ಎಂಬ ಕೊಳದಲ್ಲಿ 44 ಪೌಂಡ್, ಅಂದರೆ ಸುಮಾರು 20 ಕಿಲೋ ತೂಗುವ ಗೆಂಡೆಯನ್ನು ಹಿಡಿದು ಬ್ರಿಟನ್ನಿನ ದಾಖಲೆ ಮಾಡಿದಾಗ ಕೊಕ್ಕೆಯಲ್ಲಿದ್ದದ್ದು ಬ್ರೆಡ್ಡು. ಅವರು ಹಾಕಿದ್ದು ಮೇಲೆ ತೇಲುವಂತೆ ಅಲ್ಲ, ತಳದಲ್ಲಿ. ಆ ಮೀನನ್ನು ಕೊಲ್ಲದೆ ಲಂಡನ್ ಮೃಗಾಲಯಕ್ಕೆ ಕೊಟ್ಟರು; ಅಲ್ಲಿ ಅದು 1971ರವರೆಗೆ ಬದುಕಿತ್ತು. ನಮ್ಮ ಊರುಗಳಲ್ಲಿ ಹಿಟ್ಟಿನ ಉಂಡೆ ಹಾಕುವುದಿಲ್ಲವೇ? ಅದೂ ಎರೆಯೇ.

ಈಗ ‘ಆಮಿಷ’ಕ್ಕೆ ಬರುತ್ತೇನೆ, ಏಕೆಂದರೆ ಎರೆಯನ್ನು ಮೂಲೆಗೆ ತಳ್ಳಿದ್ದು ಅದು. ಸಂಸ್ಕೃತದಲ್ಲಿ ಆಮಿಷ ಎಂದರೆ ಮೊದಲಿಗೆ ಮಾಂಸ. ಮಾಂಸವಿಲ್ಲದ ಊಟ ನಿರಾಮಿಷ. ಹಿಡಿಯಲು ಮಾಂಸದ ತುಂಡು ಇಡುವ ರೂಢಿಯಿಂದ ಆಸೆ ತೋರಿಸುವ ವಸ್ತು ಎಂಬ ಅರ್ಥವೂ ಅದಕ್ಕೆ ಸಂಸ್ಕೃತದಲ್ಲೇ ಬಂತು. ಕನ್ನಡ ಪತ್ರಿಕೆಗಳಲ್ಲಿ ಉಳಿದಿರುವುದು ಆ ಎರಡನೆಯ ಅರ್ಥ: ಹಣದ ಆಮಿಷ, ಕೆಲಸ ಕೊಡಿಸುವ ಆಮಿಷ, ಮದುವೆಯ ಆಮಿಷ. ಒಬ್ಬ ಮನುಷ್ಯ ಇನ್ನೊಬ್ಬನ ಮುಂದೆ ಒಡ್ಡುವುದು ಆಮಿಷ. ಅದರಲ್ಲಿ ಒಡ್ಡುವವನ ಉದ್ದೇಶವೇ ಮುಖ್ಯ, ಕಪಟ ಪದದೊಳಗೇ ಇದೆ. ಆ ಕೆಲಸಕ್ಕೆ ಅದು ಒಳ್ಳೆಯ ಪದ, ಇರಲಿ. ಆದರೆ ಮೀನು ಹಿಡಿಯುವುದರ ಬಗ್ಗೆ ಬರೆಯುವಾಗಲೂ ‘ಗಾಳಕ್ಕೆ ಆಮಿಷ ಸಿಕ್ಕಿಸಿ’ ಎಂದು ಬರೆಯುವುದನ್ನು ನೋಡಿದರೆ ಬೇಸರವಾಗುತ್ತದೆ. ಬ್ರೆಡ್ಡಿನ ತುಂಡನ್ನು ಮಾಂಸದ ಹೆಸರಿನಿಂದ ಏಕೆ ಕರೆಯಬೇಕು?

ಇದಕ್ಕಿಂತ ಕೆಟ್ಟದ್ದು ಎರೆಯನ್ನೇ ಗಾಳ ಎನ್ನುವುದು. ‘ಉದ್ಯೋಗದ ಗಾಳ’, ‘ಹಣದ ಗಾಳಕ್ಕೆ ಬಿದ್ದ ಯುವಕರು’ ಎಂಬ ತಲೆಬರಹಗಳು ವಾರಕ್ಕೊಂದು ಸಿಗುತ್ತವೆ. ಉದ್ಯೋಗ ಕಣ್ಣಿಗೆ ಕಾಣುವುದು, ಬೇಕೆನ್ನಿಸುವುದು, ಅದು ಎರೆ. ಗಾಳ ಅದರ ಒಳಗೆ ಅಡಗಿರುವ ಮೋಸ. ಯಾರೂ ಕಬ್ಬಿಣದ ಮುಳ್ಳಿಗೆ ಆಸೆಪಟ್ಟು ಬಾಯಿ ಹಾಕುವುದಿಲ್ಲ. ‘ಉದ್ಯೋಗದ ಎರೆ, ವಂಚನೆಯ ಗಾಳ’ ಎಂದು ಬರೆದರೆ ಇಡೀ ಸುದ್ದಿ ನಾಲ್ಕು ಪದದಲ್ಲಿ ಬಂದಂತಾಯಿತು. ಇನ್ನು ‘ಗಾಳ ಬೀಸಿ ಗುಂಪನ್ನೇ ಹಿಡಿದರು’ ಎಂಬಂಥ ಮಾತು. ಗಾಳಕ್ಕೆ ಬೀಳುವುದು ಒಂದು ಮೀನು, ಗುಂಪಿಗೆ ಬೇಕಾದದ್ದು ಬಲೆ.

ಬಳಸುವವರಿಗೆ ಜೊತೆಗೆ ಬರುವ ಕ್ರಿಯಾಪದಗಳು ತಿಳಿದಿದ್ದರೆ ಒಳ್ಳೆಯದು. ಎರೆಯನ್ನು ಸಿಕ್ಕಿಸುತ್ತಾರೆ, ಹಾಕುತ್ತಾರೆ. ಮೀನು ಅದನ್ನು ಕಚ್ಚುತ್ತದೆ ಅಥವಾ ನುಂಗುತ್ತದೆ. ಒಡ್ಡುವುದು ಆಮಿಷವನ್ನು.

ಸಂಜೆ ಐದರ ಸುಮಾರಿಗೆ ನಮ್ಮ ಕೊಕ್ಕೆಯ ತುಂಡನ್ನು ಒಂದು ಗೆಂಡೆ ಎರಡು ಸಲ ತುಟಿಯಿಂದ ದೂಡಿ ನೋಡಿ, ಮೂರನೆಯ ಸಲ ಒಳಗೆಳೆದುಕೊಂಡಿತು. ‘ಎರೆ ನುಂಗಿತು!’ ಎಂದು ಮಗಳು ಕೂಗಿದಳು. ದಾರ ಬಿಗಿಯಾಗುವವರೆಗೆ ಕಾದು ಕೋಲೆತ್ತಿದೆ. ಐದು ಕಿಲೋ ಇದ್ದಿರಬಹುದು. ದಡದಲ್ಲಿ ಒದ್ದೆ ಚಾಪೆಯ ಮೇಲೆ ಮಲಗಿಸಿ, ಹಿಮ್ಮುಳ್ಳಿಲ್ಲದ ಕೊಕ್ಕೆಯನ್ನು ಬಿಡಿಸಿ, ಮಗಳು ಎರಡೂ ಕೈಗಳಿಂದ ಅದರ ಹೊಟ್ಟೆಯನ್ನು ಆತು ನೀರಿಗೆ ಬಿಟ್ಟಳು. ಚೀಲದಲ್ಲಿ ಎರಡು ಅಂಚು ಉಳಿದಿದ್ದವು. ಅವನ್ನು ಬಾತುಗಳಿಗೆ ಹಾಕಿ ಮನೆಗೆ ಬಂದೆವು.